ಡ್ರಿಲ್ ಮೇಷ್ಟ್ರ ನಡುಪಟ್ಟಿ

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಇಲ್ಲಿ ಮನಸ್ಸಿನದನ್ನೇ ಬಳಸುತ್ತೇನೆ. ನಾನು ಶಿರಾದ ಈ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಅವನು ಗೌಡಗೆರೆ ಕಡೆಯ ಕುರಿ ಸಾಕುವ ಮನೆಯಿಂದ ಮೊನ್ನೆ ಮೊನ್ನೆ ಬಂದವನು. ಅವನು ಸೀಟಿ ಊದಿದರೆ ಮಕ್ಕಳು ಓಡಿಬರುತ್ತಾರೆ, ನಾನು ಬಾಯಿ ತೆರೆದರೆ ಆಕಳಿಸುತ್ತಾರೆ.

ನನ್ನದೇ ಅಂತ ಒಂದು ವಿಷಯವಿತ್ತು: ಜುವಾವ್ ಸೈನಿಕರು. ಮೊದಲು ಅಲ್ಜೀರಿಯಾದ ಗುಡ್ಡಗಾಡಿನವರು, ಆಮೇಲೆ ಅವರ ಉಡುಪಿಗೆ ಮರುಳಾದ ಫ್ರೆಂಚರು. ಅಮೆರಿಕದ ಅಂತರ್ಯುದ್ಧದಲ್ಲಿ ತಾವಾಗಿ ಸೇನೆ ಸೇರಿದ ಅಂಗಡಿಯವರು, ಗುಮಾಸ್ತರು ಕೂಡ ಅದೇ ವೇಷ ಹಾಕಿದರು. ದೊಗಲೆ ಕೆಂಪು ಷರಾಯಿ, ಗಿಡ್ಡ ಜಾಕೀಟು, ಕುಚ್ಚಿನ ಟೋಪಿ, ಸೊಂಟಕ್ಕೆ ಹತ್ತಡಿಯ ಬಟ್ಟೆ. ಗುಂಡಿಗೆ ಎದೆಯೊಡ್ಡಲು ಮದುಮಕ್ಕಳ ಹಾಗೆ ಸಿಂಗರಿಸಿಕೊಂಡು ಹೋದ ಆ ಜನರ ಬಗ್ಗೆ ವರ್ಷಗಟ್ಟಲೆ ಓದಿದ್ದೆ.

ಮಧುಗಿರಿಯಲ್ಲಿ ಶಾಲೆಗಳ ಇತಿಹಾಸ ಪ್ರದರ್ಶನವೆಂದಾಗ ಈ ವಿಷಯ ಸೂಚಿಸಿದವನು ನಾನೇ. ಭಾಷಣ ಯಾರು ಕೇಳುತ್ತಾರೆ, ಕವಾಯತು ಮಾಡಿಸೋಣ ಎಂದು ಹೆಡ್‌ಮೇಡಂ ಎಲ್ಲವನ್ನೂ ಅವನಿಗೆ ಒಪ್ಪಿಸಿಬಿಟ್ಟರು. ಕ್ಯಾಪ್ಟನ್ ವೇಷ ಅವನದು, ಮೈಕೂ ಅವನದೇ. ನಾನು ಚಿತ್ರಗಳನ್ನು ಕೊಟ್ಟರೆ ಸಾಕಂತೆ. ಕೊಟ್ಟೆ. ಮಸೀದಿ ಹತ್ತಿರದ ದರ್ಜಿ ಷರಾಯಿ ಹೊಲಿದ. ಕ್ಯಾಪ್ಟನ್ನಿನ ನಡುಪಟ್ಟಿಗೆ ಅವನ ಹೆಂಡತಿ ತನ್ನ ನೀಲಿ ಸೀರೆಯನ್ನೇ ಹರಿದುಕೊಟ್ಟಳು. ಬಟ್ಟೆಯೆಲ್ಲ ಕೈಗೆ ಬಂದದ್ದು ಹೊರಡುವ ದಿನ ಬೆಳಿಗ್ಗೆ.

ಒಂದನ್ನು ಮಾತ್ರ ನಾನು ಹೇಳಲಿಲ್ಲ. ಆ ಪಟ್ಟಿ ಒಬ್ಬನೇ ಕಟ್ಟಿಕೊಂಡರೆ ನಿಲ್ಲುವುದಿಲ್ಲ. ಜೊತೆಗಾರ ತುದಿಯನ್ನು ಎಳೆದು ಹಿಡಿಯಬೇಕು, ಕಟ್ಟಿಕೊಳ್ಳುವವನು ತಿರುಗುತ್ತ ಸುತ್ತಿಕೊಳ್ಳಬೇಕು. ಪುಸ್ತಕದಲ್ಲಿ ಓದಿ ಗೊತ್ತಿದ್ದೂ, ಚಿತ್ರಗಳನ್ನಷ್ಟೇ ನಕಲು ಮಾಡಿಕೊಟ್ಟು ಬಾಯಿ ಮುಚ್ಚಿಕೊಂಡೆ. ವೇದಿಕೆ ಮೇಲೆ ಅವನ ಪಟ್ಟಿ ಜಾರಿ ಕಾಲಿಗೆ ತೊಡರಲಿ, ನಾಲ್ಕು ಜನ ನಗಲಿ ಎಂಬ ಆಸೆ ನನಗೆ ಚೆನ್ನಾಗಿಯೇ ಇತ್ತು.

ಮಧುಗಿರಿಯಲ್ಲಿ ವೇದಿಕೆಯ ಹಿಂದೆ ಅವನು ಮಕ್ಕಳನ್ನು ಇಬ್ಬಿಬ್ಬರಾಗಿ ನಿಲ್ಲಿಸಿದ. ಒಬ್ಬರು ತುದಿ ಹಿಡಿದರು, ಇನ್ನೊಬ್ಬರು ಬುಗುರಿಯಂತೆ ತಿರುಗಿದರು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಾಗ ತನ್ನ ಪಟ್ಟಿಯ ತುದಿಯನ್ನು ನನ್ನ ಕೈಗೇ ಕೊಟ್ಟ.

"ಬಿಗಿಯಾಗಿ ಹಿಡ್ಕಳಿ ಸಾ. ನಮ್ಮಪ್ಪ ಡೊಳ್ಳು ಕುಣಿಯಾಕೆ ಹೋಗೋವಾಗ ಹಿಂಗೇ ಕಟ್ಕಂತಿದ್ದ. ಇವ್ರು ಹೆಂಗೆ ಕಟ್ತಿದ್ರು ಅಂತ ನಿಮ್ ಬುಕ್ಕಲ್ಲಿ ಐತಾ?"

"ಇಲ್ರೀ ಮೇಷ್ಟ್ರೇ, ಅದೊಂದು ಇಲ್ಲ" ಅಂದೆ.

ಅವನು ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ನನ್ನ ಎದೆಯ ಹತ್ತಿರ ಬಂದು ನಿಂತ. ನಾನು ತುದಿ ಬಿಟ್ಟೆ, ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಕವಾಯತು ಮುಗಿಯುವವರೆಗೂ ಒಬ್ಬರ ಪಟ್ಟಿಯೂ ಜಾರಲಿಲ್ಲ. ತೀರ್ಪುಗಾರರೊಬ್ಬರು ಎದ್ದು, ಇಷ್ಟುದ್ದದ ಬಟ್ಟೆ ಹೇಗೆ ನಿಂತಿತು ಎಂದು ಕೇಳಿದರು. ಅವನು ಮೈಕಿನಲ್ಲಿ, ಇದೆಲ್ಲ ನಮ್ಮ ಸಾರ್ ಓದು, ಕಟ್ಟುವುದೊಂದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲವಂತೆ, ಅದು ನಮ್ಮಪ್ಪನದು ಎಂದ. ಪುಸ್ತಕದಲ್ಲಿಲ್ಲದ್ದನ್ನು ತಂದಿದ್ದೀರಿ ಎಂದು ಅವರು ಹೊಗಳಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಪುಸ್ತಕದಲ್ಲಿ ಇದೆ, ಎಡಗಡೆಯ ಪುಟದಲ್ಲಿ, ಚಿತ್ರದ ಕೆಳಗೇ ಇದೆ ಎಂದು ಕೂಗಿಬಿಡೋಣ ಅನ್ನಿಸಿತು. ಅವನು ವೇದಿಕೆಯಿಂದಲೇ ನನ್ನ ಕಡೆ ಕೈ ತೋರಿಸಿ, ಅಲ್ವಾ ಸಾ ಎಂದು ಕೇಳಿದ. ಸಭೆಯೆಲ್ಲ ತಿರುಗಿ ನೋಡಿತು. ನಾನು ಎದ್ದು ನಿಂತು ಹೌದೆಂದು ತಲೆಯಾಡಿಸಿದೆ.