ಫಕೀರವ್ವನ ಕೂಗುವ ಭಾಂಡೆಗಳು

ಗೋಕುಲ ರಸ್ತೆಯಲ್ಲಿ ಮದುವೆ ಅಡುಗೆಯ ಭಾಂಡೆ-ಪಾತ್ರೆ ಬಾಡಿಗೆಗೆ ಕೊಡುವ ಫಕೀರವ್ವ ನನ್ನ ಅಂಗಡಿಯ ಹಳೆಯ ಗಿರಾಕಿ. ಹಳೆಯ ಗಿರಾಕಿ ಎಂದರೆ, ನಾನು ಲಾಭದ ಆಸೆ ಬಿಟ್ಟ ಗಿರಾಕಿ. ಹಿಟ್ಟು ನಾದುವ ಪರಾತ ಕೊಳ್ಳುವಾಗ ಬೆರಳಿನಿಂದ ಬಾರಿಸಿ, ಕಿವಿಗೊಟ್ಟು, "ಇದಕ್ಕ ನೆಗಡಿ ಬಂದೈತಿ, ಬ್ಯಾರೇದು ತಗೀರಿ" ಎನ್ನುವಾಕೆ. ಗಂಡ ಉಳವಪ್ಪ ಟೆಂಪೊ ಓಡಿಸುತ್ತಾನೆ, ಮಾತಿನ ಗಾಡಿ ಇವಳದು. ಹೇಳಿದ ಹೊತ್ತಿಗೆ ಹೇಳಿದ ಭಾಂಡೆ ಒಲೆಯ ಮುಂದೆ ಇರುತ್ತದೆ ಎಂಬ ಹೆಸರೇ ಅವಳ ಬಂಡವಾಳ. ಆ ಹೆಸರಿಗೆ ಇರುವ ಒಂದೇ ಕಂಟಕ ಕಲ್ಯಾಣಮಂಟಪದ ಅಡುಗೆಮನೆ. ಅಲ್ಲಿ ಎರಡು ಮೂರು ಮಂದಿಯ ಭಾಂಡೆ ಬೆರೆಯುತ್ತವೆ. ಎಲ್ಲರೂ ಹೆಸರು ಕೆತ್ತಿಸಿರುತ್ತಾರೆ, ನಿಜ. ಆದರೆ ಕೆತ್ತಿದ ಹೆಸರು ಮೂಗ; ಹೋಗಿ ನೋಡಿದರಷ್ಟೇ ಉಂಟು.

ಹೋದ ವರ್ಷ ನಾನು ಬೀಗ, ಟಾರ್ಚುಗಳ ಜೊತೆಗೆ ಬ್ಲೂಟೂತ್ ಬೀಕನ್ ತರಿಸಿದೆ. ಕೋಟಿನ ಗುಂಡಿಗಿಂತ ಸ್ವಲ್ಪ ದೊಡ್ಡ ಬಿಲ್ಲೆ, ಒಳಗೊಂದು ಚಪ್ಪಟೆ ಬ್ಯಾಟರಿ. ಫಕೀರವ್ವ ಅದನ್ನೂ ಬಾರಿಸಿ ನೋಡಿದಳು.

"ತಾ ಎಲ್ಲಿ ಅದೀನಿ ಅಂತ ಇದಕ್ಕ ಗೊತ್ತಾಗತೈತೇನ್ರಿ?"

"ಇಲ್ಲವಾ. ಇದಕ್ಕ ತನ್ನ ಹೆಸರಷ್ಟ ಗೊತ್ತು. ಅದನ್ನ ಒಂದ ಸವನ ಒದರಕೋಂತ ಇರತೈತಿ. ನಮಗ ಕೇಳಂಗಿಲ್ಲ, ಫೋನಿಗೆ ಕೇಳತೈತಿ. ದನಿ ಜೋರಿದ್ರ ಸಮೀಪ, ಸಣ್ಣದಿದ್ರ ದೂರ ಅಂತ ಫೋನು ಅಂದಾಜ ಮಾಡತೈತಿ. ಒಂದು ಮಂಟಪದಷ್ಟು ದೂರ ಹಿಡೀರಿ. ಅದಕ್ಕಿಂತ ಆಚೆ ಹೋದ್ರ ಸುದ್ದಿ ಇಲ್ಲ."

"ಹಂಗಾರ ನಮ್ಮ ಮನ್ಯಾವರಕಿಂತ ಛಲೋನ ಐತಿ. ಅವರು ಮಗ್ಗಲದಾಗ ಇದ್ರೂ ಓ ಅನ್ನಂಗಿಲ್ಲ."

ದೊಡ್ಡ ಆಸ್ಪತ್ರೆಗಳಲ್ಲಿ ಗಾಲಿಕುರ್ಚಿ ಹುಡುಕಲು, ಮಾಲ್‌ಗಳಲ್ಲಿ ಬಾಗಿಲಿಗೆ ಬಂದವರ ಫೋನಿಗೆ ರಿಯಾಯಿತಿಯ ಆಸೆ ತೋರಿಸಲು ಇದೇ ಸಾಮಾನು ಎಂದು ನಾನು ವರ್ಣಿಸಿದೆ. ಅವಳಿಗೆ ಅನ್ನ ಬೇಯಿಸುವ ಕೊಳಗ ಸಿಕ್ಕರೆ ಸಾಕಿತ್ತು. ಅವಳ ಮಗಳು ಸೃಷ್ಟಿ ಫೋನಿನಲ್ಲಿ ಒಂದೊಂದು ಬಿಲ್ಲೆಗೂ ಒಂದೊಂದು ಭಾಂಡೆಯ ಹೆಸರಿಟ್ಟಳು. ಗೋದಾಮಿನ ಬಾಗಿಲಿಗೆ ಹಳೆಯ ಫೋನೊಂದು ನೇತುಬಿತ್ತು. ಟೆಂಪೊ ಒಳಬಂದರೆ ಬಂದ ಭಾಂಡೆಗಳ ಹೆಸರುಗಳೆಲ್ಲ ಅದರಲ್ಲಿ ಹಸಿರಾಗುತ್ತವೆ, ಆಗದ್ದು ಬಂದಿಲ್ಲ. ಬೆಂಕಿಯ ಹತ್ತಿರ ಬಿಲ್ಲೆ ಉಳಿಯುವುದಿಲ್ಲ ಎಂದು ನಾನೇ ಹೇಳಿದ್ದರಿಂದ, ಫಕೀರವ್ವ ಅದನ್ನು ಬಟ್ಟೆಯ ಚೀಲದಲ್ಲಿ ಹೊಲಿದು ಭಾಂಡೆಯ ಹಿಡಿಕೆಗೆ ಕಟ್ಟಿದಳು. ಒಲೆಗೆ ಏರಿಸುವ ಮುಂಚೆ ಬಿಚ್ಚಬೇಕು, ತೊಳೆದ ಮೇಲೆ ಮತ್ತೆ ಕಟ್ಟಬೇಕು.

ಈ ಬೇಸಿಗೆಯ ಒಂದು ಮಧ್ಯಾಹ್ನ ಫಕೀರವ್ವನ ಟೆಂಪೊ ನನ್ನ ಅಂಗಡಿಯ ಮುಂದೆ ನಿಂತಿತು.

"ಸಾವ್ಕಾರ್ರ, ಏರ್ರಿ. ಗಬ್ಬೂರಿನ ಮದುವ್ಯಾಗಿಂದ ಎಲ್ಲಾ ಬಂತು, ಅನ್ನದ ದೊಡ್ಡ ಕೊಳಗ ಬರಲಿಲ್ಲ. ಸಂಜಿಗೆ ಸುಳ್ಳ ಊರಾಗಿನ ಮದುವ್ಯಾಗ ಅದರಾಗನ ಅನ್ನ ಆಗಬೇಕು, ಮಾತು ಕೊಟ್ಟೇನಿ. ನಿಮ್ಮ ಬಿಲ್ಲಿ ನನ್ನ ಮಾನ ಕಳದ್ರ ನೀವ ಎದುರಿಗಿರಬೇಕು."

ಏರಿದೆ. ಗಬ್ಬೂರಿನ ಮಂಟಪದ ಹಿತ್ತಲಲ್ಲಿ ಜಾಕೀರ ತನ್ನ ಭಾಂಡೆ ಟೆಂಪೊಗೆ ಹೇರಿಸುತ್ತಿದ್ದ. ಅವನದೂ ಇದೇ ಧಂದೆ. ಮುಂದಿನ ಮದುವೆ ಹಾವೇರಿಯಲ್ಲಿ. ಫಕೀರವ್ವ ಫೋನು ಹಿಡಿದು ಅಡುಗೆಮನೆ, ಉಗ್ರಾಣ, ಹಿತ್ತಲು ಸುತ್ತಿದಳು. ಫೋನು ತುಟಿ ಬಿಚ್ಚಲಿಲ್ಲ.

"ಅಕ್ಕಾ, ಕೊಳಗಕ್ಕ ಒಂದು ಮಿಸ್‌ ಕಾಲ್ ಕೊಟ್ಟ ನೋಡ್ರಿ" ಎಂದ ಜಾಕೀರ.

"ನಿನ್ನ ಕೊಳಗಕ್ಕ ಕೊಟ್ರ ತೂತಿನಾಗ ಹಾದು ಹೋಗತೈತಿ. ಸುಮ್ನ ಹೇರು."

ಬ್ಯಾಟರಿ ಮುಗಿದಿರಬಹುದು ಎಂದು ನಾನು ಮೆಲ್ಲಗೆ ಅಂದೆ.

"ನಿನ್ನಿ ಇಲ್ಲೇ ಇಳಸೂ ಮುಂದ ಒದರಾಕತ್ತಿತ್ತು. ಒಂದ ದಿನಕ್ಕ ಸಾಯಾಕ ಅದೇನು ನಿಮ್ಮ ಅಂಗಡಿ ಟಾರ್ಚೇನ್ರಿ?"

ನಾನು ಮಾರಿದ ಟಾರ್ಚಿನ ವಿಷಯ ಅಲ್ಲಿ ಬೇಡವಾಗಿತ್ತು. ಅಷ್ಟರಲ್ಲಿ ಅವಳು ಮಂಟಪದಲ್ಲಿ ಭಾಂಡೆ ತೊಳೆಯುವ ಹುಸ್ನಾಳನ್ನು ಕರೆದಳು.

"ಹುಸ್ನಾ, ತೊಳದ ಮ್ಯಾಲ ಚೀಲ ಕಟ್ಟಿದ್ದೇನ?"

"ಕಟ್ಟೇನ್ರಿ ಅವ್ವಾರ. ನೀರು ಸಿಡದು ತೋಯ್ದೀತು ಅಂತ ಒಳಗ ಸರಿಸಿ, ಕೊಳಗ ಬೋರಲ ಹಾಕೇನಿ. ಬಾಯಿ ತೆರದಿಟ್ರ ಹಲ್ಲಿ ಬೀಳಂಗಿಲ್ಲೇನ್ರಿ?"

ನಮ್ಮ ಕಡೆ ತೊಳೆದ ಪಾತ್ರೆಯನ್ನು ಬಾಯಿ ಮೇಲೆ ಮಾಡಿ ಇಡುವ ಹೆಣ್ಣುಮಗಳನ್ನು ನಾನು ಕಂಡಿಲ್ಲ. ಬಿಲ್ಲೆ ಮಾಡಿದವರಿಗೆ ಇದು ಗೊತ್ತಿರಲಿಕ್ಕಿಲ್ಲ, ಮಾರಿದವನಿಗೆ ಗೊತ್ತಿರಬೇಕಿತ್ತು.

"ಅದಕ್ಕ ಫೋನಿಗೆ ಕೇಳವಲ್ದು" ಎಂದೆ. "ಇದರ ದನಿ ಬಟ್ಟಿ ದಾಟತೈತಿ, ಕಟಗಿ ದಾಟತೈತಿ. ಲೋಹ ದಾಟೂದಿಲ್ಲ. ಸುತ್ತ ಸ್ಟೀಲು, ಕೆಳಗ ನೆಲ. ಒಳಗ ಒದರಿದ್ದು ಒಳಗ ಉಳೀತು."

ಆದರೆ ಹಿತ್ತಲಲ್ಲಿ ಬೋರಲು ಬಿದ್ದ ಕೊಳಗವೇ ಉಳಿದಿರಲಿಲ್ಲ. ಇದ್ದದ್ದೆಲ್ಲ ಜಾಕೀರನ ಟೆಂಪೊದಲ್ಲಿ, ಒಂದರ ಮೇಲೊಂದು ಟೊಪ್ಪಿಗೆಯಂತೆ. ಫಕೀರವ್ವ ಟೆಂಪೊದ ಹಿಂದೆ ಹೋಗಿ ನಿಂತಳು.

"ಜಾಕೀರ, ಆ ದೊಡ್ಡದು ಎತ್ತಸು."

"ಅದು ನಂದ ಅಕ್ಕಾ. ಹೆಸರು ಓದ್ರಿ ಬೇಕಾದ್ರ."

"ಮ್ಯಾಲಿಂದು ನಿಂದ, ಯಾರು ಅಲ್ಲಂದ್ರು? ಒಳಗಿಂದು ಯಾರದಂತ ಕೇಳೂಣು."

ಜಾಕೀರನ ಇಬ್ಬರು ಆಳುಗಳು ಸೇರಿ ಎತ್ತಿದರು. ಒಳಗೆ ಇನ್ನೊಂದು ಕೊಳಗ, ಅಳತೆ ತೆಗೆದು ಹೊಲಿಸಿದಂತೆ ಕೂತಿತ್ತು. ಅದನ್ನೂ ಓರೆ ಮಾಡಿ, ಅಂಚು ಟೆಂಪೊದ ತಳದಿಂದ ಸ್ವಲ್ಪ ಎದ್ದದ್ದೇ ತಡ, ಫೋನಿನಲ್ಲಿ 'ಅನ್ನದ ದೊಡ್ಡ ಕೊಳಗ' ಹಸಿರಾಯಿತು. ಜಾಕೀರ ಹಣೆ ಒರೆಸಿಕೊಂಡ. ಪಾಪ, ಅವನಿಗೂ ತಿಳಿದಿರಲಿಲ್ಲ. ಅವನ ಆಳುಗಳು ಹೆಸರು ನೋಡದೆ, ಕವಿಚಿದ್ದನ್ನು ಕವಿಚಿದ ಹಾಗೆಯೇ ಎತ್ತಿಟ್ಟು, ಮೇಲೆ ತಮ್ಮದನ್ನು ಮುಚ್ಚಿದ್ದರು.

"ಹಾವೇರಿ ನೋಡಿ ಬರ್ತಿತ್ತು, ನೀವ ಬಿಡಲಿಲ್ಲ" ಎಂದು ನಕ್ಕು, ನನ್ನ ಕಿವಿಯ ಹತ್ತಿರ ಬಂದ. "ಸಾವ್ಕಾರ್ರ, ನನಗೂ ಇಂಥಾವ ಬೇಕಾಗ್ಯಾವ."

"ಕೊಡ್ರಿ ಅವಗ" ಎಂದಳು ಫಕೀರವ್ವ, ಬೇಕಾದ್ದು ಎಷ್ಟು ದೂರದಿಂದಲೂ ಕೇಳುವ ಕಿವಿ ಅವಳದು. "ನನಗ ಕೊಟ್ಟ ರೇಟಿಗೆ ಮಾತ್ರ ಕೊಡಬ್ಯಾಡ್ರಿ."

ದಾರಿಯಲ್ಲಿ ಅವಳು ಚೀಲದ ದಾರವನ್ನು ಗಿಡ್ಡ ಮಾಡಿ ಹಿಡಿಕೆಗೆ ಬಿಗಿದಳು, ಇನ್ನು ಯಾರೂ ಒಳಗೆ ಸರಿಸಲು ಬಾರದ ಹಾಗೆ. ಸುಳ್ಳದಲ್ಲಿ ಅಡುಗೆಯ ಹನಮೇಶ ಅಕ್ಕಿ ತೊಳೆದಿಟ್ಟು ಹಾದಿ ಕಾಯುತ್ತಿದ್ದ.

"ಏನ್ರಿ ಅವ್ವಾರ, ಈ ಸಲ ತಡಾ ಆತಲ್ಲ?"

"ಒಲಿ ಹೊತ್ತೇತೇನು?"

"ಈಗ ಹೊತ್ತಸಾಕತ್ತೇವ್ರಿ."

"ಹಂಗಾರ ತಡಾ ಯಾರದು?" ಎಂದು ಚೀಲ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಳಗದ ಒಂದು ಹಿಡಿಕೆಯನ್ನು ನನ್ನ ಕೈಗೆ ಕೊಟ್ಟಳು.