ಕಪ್ಪಾಗದ ಮದುವೆ ಚಾಕು

ನಿಂಬೆಹಣ್ಣಿನಿಂದ ಎಳೆದು ತೆಗೆದಾಗ ಚಾಕು ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು.

ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಆಮೇಲೆ ಚಿಕ್ಕಪ್ಪನ ಮುಖ ನೋಡಿ, "ಕಂಕಣ ಬಿಚ್ಚಂಗಿಲ್ಲ ಕಣ್ಲಾ" ಅಂದಳು.

ಎಪ್ಪತ್ತರ ದಶಕದ ಕೊನೆ, ಪೆನ್ನಾಗರಂ ಹತ್ತಿರದ ನಮ್ಮ ಊರು. ನನಗೆ ಏಳೋ ಎಂಟೋ ವರ್ಷ. ಚಿಕ್ಕಪ್ಪನ ಮದುವೆಯಾಗಿ, ಮಾರಂಡಹಳ್ಳಿಯ ಹುಡುಗಿಯನ್ನು ಮನೆ ತುಂಬಿಸಿಕೊಂಡಿದ್ದೆವು.

ನಮ್ಮ ಮನೆತನದಲ್ಲಿ ಮದುವೆ ಗಂಡು ಕೈಯಲ್ಲಿ ಕಬ್ಬಿಣದ ಚಾಕು ಹಿಡಿದಿರಬೇಕು. ತುದಿಗೆ ಒಂದು ನಿಂಬೆಹಣ್ಣು ಚುಚ್ಚಿರುತ್ತಾರೆ. ಎಲ್ಲ ಮುಗಿದ ಮೇಲೆ ಹಣ್ಣು ಕಿತ್ತರೆ, ಹುಳಿಗೆ ಕಬ್ಬಿಣ ಕಪ್ಪಾಗಿರುತ್ತದೆ.

ಅಜ್ಜಿಯ ಪ್ರಕಾರ ಅದು ಹುಳಿಯಲ್ಲ, ದೃಷ್ಟಿ. ಕಪ್ಪಾದರೆ ಬಂದವರ ಕಣ್ಣೆಲ್ಲ ಚಾಕುವಿಗೆ ಇಳಿಯಿತು ಎಂದು ಲೆಕ್ಕ. ಆಗದಿದ್ದರೆ ಅದು ಇನ್ನೂ ಗಂಡುಹೆಣ್ಣಿನ ಮೇಲೆಯೇ ಕೂತಿದೆ.

ಅಲ್ಲಿಯವರೆಗೆ ಯಾರ ಮದುವೆಯಲ್ಲೂ ಕಪ್ಪಾಗದೆ ಉಳಿದದ್ದಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಯಾರೂ ಮದುವೆಗೆಂದು ಸೇಲಂಗೆ ಹೋಗಿ ಚಾಕು ಕೊಂಡು ತಂದಿರಲಿಲ್ಲ.

ಚಿಕ್ಕಪ್ಪ ಮೊರಪ್ಪೂರಿನ ಮಂಡಿಯೊಂದರಲ್ಲಿ ಕೆಲಸದಲ್ಲಿದ್ದ. ಮನೆಯ ಹಳೇ ತುಕ್ಕು ಚಾಕು ಹಿಡಿದು ನಿಲ್ಲಲು ಅವನಿಗೆ ನಾಚಿಕೆ. ಅವನು ತಂದದ್ದು ಮಡಚುವ ಪೇನಾಕತ್ತಿ, ಅಲಗಿನಿಂದ ಹಿಡಿಯವರೆಗೆ ಸ್ಟೇನ್‌ಲೆಸ್ ಸ್ಟೀಲು. ನಮ್ಮ ಕಡೆ ಅದಕ್ಕೆ ಎವರ್‌ಸಿಲ್ವರ್ ಅನ್ನುತ್ತಾರೆ.

"ಜನ್ಮದಲ್ಲಿ ಕಪ್ಪಾಗಲ್ಲ" ಎಂದು ಚಪ್ಪರದಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದ. ಅವನು ಹೇಳಿದ್ದು ನಿಜವೇ ಆಗಿತ್ತು.

"ಅವ್ವಾ, ಹಳೇ ಚಾಕೂಗೆ ಒಂದು ಹಣ್ಣು ಚುಚ್ಚಿದ್ರಾಯ್ತು, ಬಿಡು."

"ತಾಳಿ ಕಟ್ಟೋವಾಗ ಕೈಲಿ ಇದ್ದಿದ್ದು ಯಾವುದ್ಲಾ? ಪಾತ್ರೆ ಅಂಗಡಿ ಮಾಲು ತಂದವನು ನೀನು. ನೀನೇ ಕಪ್ಪು ಮಾಡು ಓಗು."

ಕಂಕಣ ಬಿಚ್ಚುವ ತನಕ ಚಿಕ್ಕಪ್ಪ ಜಗಲಿಯಲ್ಲಿ, ಹೊಸ ಚಿಕ್ಕಮ್ಮ ಒಳಗೆ ಅಜ್ಜಿಯ ಮಗ್ಗುಲಲ್ಲಿ ಮಲಗಬೇಕು.

ಅಜ್ಜಿಯ ಮಗ್ಗುಲು ನನ್ನ ಜಾಗ. ನನ್ನನ್ನು ರಾಗಿ ಮೂಟೆಗಳ ಪಕ್ಕಕ್ಕೆ ಹಾಕಿದ್ದರು. ಹೀಗಾಗಿ ಆ ಚಾಕು ಕಪ್ಪಾಗಬೇಕೆಂದು ಮನೆಯಲ್ಲಿ ಬಯಸುತ್ತಿದ್ದವರಲ್ಲಿ ನಾನೂ ಒಬ್ಬಳು.

ಚಿಕ್ಕಪ್ಪನಿಗೆ ರಜೆ ಮುಗಿಯುತ್ತಾ ಬಂದಿತ್ತು. ಮುಗಿದರೆ ಮೊರಪ್ಪೂರಿಗೆ ಒಬ್ಬನೇ ಹೋಗಬೇಕು.

ಮೊದಲು ಹುಣಸೆಹಣ್ಣಿನಲ್ಲಿ ನೆನೆಹಾಕಿದ. ಚಾಕು ಇನ್ನಷ್ಟು ಬೆಳ್ಳಗಾಯಿತು.

ಚಿಕ್ಕಮ್ಮ ಆಗ ಅವನೊಂದಿಗೆ ನೇರ ಮಾತಾಡುತ್ತಿರಲಿಲ್ಲ. ಅವನು ಎದುರಿಗೇ ಕೂತಿದ್ದರೂ ನನ್ನ ಕಿವಿಗೆ ಹೇಳಿದಳು. "ಇನ್ನೊಂದು ಸಾರಿ ಉಜ್ಜಿದ್ರೆ ತಲೆ ಬಾಚ್ಕೊಳಾಕೆ ಕನ್ನಡಿ ಆಯ್ತದೆ ಅಂತ ನಿಮ್ಮ ಚಿಕ್ಕಪ್ಪಂಗೆ ಏಳು ಪಾಪಾ."

ನಾನು ಹೇಳಿದೆ. ಅವನಿಗೆ ಮೊದಲೇ ಕೇಳಿಸಿತ್ತು.

ಆಮೇಲೆ ಕುರಿ ಚರ್ಮ ಹದ ಮಾಡುವ ತೊಗಟೆಯ ನೀರಿನಲ್ಲಿ ಮುಳುಗಿಸಿಟ್ಟ. ಕಬ್ಬಿಣವಾದರೆ ಮಸಿಯಂತಾಗುತ್ತಿತ್ತಂತೆ. ಚಾಕುವಿಗೆ ಏನೂ ಆಗಲಿಲ್ಲ. ಅವನ ಹತ್ತೂ ಬೆರಳು ಕಪ್ಪಾದವು.

"ದೃಷ್ಟಿ ಬೆರಳಿಗೆ ಇಳೀತಾ ಐತೆ. ಇನ್ನು ಸ್ವಲ್ಪ ತಡಿ" ಅಂದಳು ಅಜ್ಜಿ. ನಗಲಿಲ್ಲ.

ಮಂಡಿಯಿಂದ ಕರೆ ಬಂದ ದಿನ ಅವನು ಚಾಕುವನ್ನು ಆಚಾರಿಯ ಕುಲುಮೆಗೆ ಒಯ್ದ. ನಾನೂ ಹಿಂದೆ ಹೋದೆ.

ಬೆಂಕಿಯಲ್ಲಿ ಅಲಗು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ನೇರಳೆ, ಆಮೇಲೆ ನೀಲಿ... ಕಪ್ಪೊಂದನ್ನು ಬಿಟ್ಟು ಎಲ್ಲ ಬಣ್ಣ ಬಂತು. ಆಚಾರಿ ಚಿಮಟದಲ್ಲಿ ಎತ್ತಿ ಹಿಡಿದಾಗ ನವಿಲಿನ ಕತ್ತಿನ ಹಾಗಿತ್ತು. ನನ್ನ ಜೀವನದಲ್ಲಿ ಅಷ್ಟು ಚಂದದ ಚಾಕು ನೋಡಿಲ್ಲ.

"ಇದೇನ್ಲಾ, ರೇಷ್ಮೆ ಸೀರೆ ಅಂಚು ಇದ್ದಂಗೈತೆ" ಎಂದು ಅಜ್ಜಿ ವಾಪಸು ಕೊಟ್ಟಳು. "ಇದಕ್ಕೆ ಇನ್ನೂ ದೃಷ್ಟಿ ಆಯ್ತದೆ."

ಚಿಕ್ಕಪ್ಪ ಜಗಲಿಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದ.

ಅದನ್ನು ಬಾಗಿಲ ಸಂದಿಯಿಂದ ನೋಡಿದ ಚಿಕ್ಕಮ್ಮ ಒಳಗೆ ಬಂದು, ಚಾಕುವಿಗೆ ಹರಳೆಣ್ಣೆ ಸವರಿದಳು. ಹರಳೆಣ್ಣೆಯ ದೀಪ ಹಚ್ಚಿ ಅಲಗನ್ನು ಉರಿಯ ಮೇಲೆ ಹಿಡಿದು ಕೂತಳು. ಕಣ್ಣಿಗೆ ಹಚ್ಚುವ ಕಾಡಿಗೆಯನ್ನು ಮನೆಯಲ್ಲಿ ಹೇಗೆ ಮಾಡುತ್ತಾರೋ ಹಾಗೆಯೇ. ತಟ್ಟೆಯ ಜಾಗದಲ್ಲಿ ಚಾಕು, ಅಷ್ಟೇ.

"ಪಾಪಾ, ಬಾಯಿ ಬಿಡಬ್ಯಾಡ" ಅಂದಳು.

ಬಿಡಲಿಲ್ಲ. ನನ್ನ ಜಾಗದ ಪ್ರಶ್ನೆ.

ಅಲಗು ಕಪ್ಪಾಯಿತು. ಹಿಡಿಯೂ ಕಪ್ಪಾಯಿತು. ಅವಳು ಅದನ್ನು ಬಾಳೆಲೆಯ ತುಂಡಿನ ಮೇಲಿಟ್ಟು ತಂದು, "ಅತ್ತೆ, ನೋಡಿ... ಈಗ ಇಳ್ದಂಗೈತೆ" ಅಂದಳು.

ಅಜ್ಜಿ ಬೆರಳಿನಿಂದ ಅಲಗನ್ನು ಒಂದು ಸಲ ಎಳೆದಳು. ಬೆರಳು ಹೋದಷ್ಟು ದೂರ ನವಿಲುಬಣ್ಣ ಮಿಂಚಿತು. ಮಸಿ ಬೆರಳಲ್ಲಿ ಉಳಿಯಿತು.

ಚಿಕ್ಕಪ್ಪ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾನೆ. ಚಿಕ್ಕಮ್ಮ ನೆಲ ನೋಡುತ್ತಿದ್ದಾಳೆ.

ಅಜ್ಜಿ ಬೆರಳನ್ನು ನೋಡುತ್ತಾಳೆ. ಮೂಗಿನ ಹತ್ತಿರ ಹಿಡಿಯುತ್ತಾಳೆ. ಹರಳೆಣ್ಣೆಯ ವಾಸನೆ ನನ್ನವರೆಗೂ ಬರುತ್ತಿದೆ.

ಆಮೇಲೆ ಆ ಬೆರಳಿನಿಂದಲೇ ಚಿಕ್ಕಮ್ಮನ ಕೆನ್ನೆಗೆ ಒಂದು ಬೊಟ್ಟು ಇಟ್ಟಳು. ಚಿಕ್ಕಪ್ಪನನ್ನು ಕರೆದು ಅವನ ಕೆನ್ನೆಗೂ ಒಂದು.

"ಇಳೀತು" ಅಂದಳು. "ಅರಿಶಿನ ನೀರು ತನ್ನಿ, ಕಂಕಣ ಬಿಚ್ಚಾನ."

ನನಗೆ ನನ್ನ ಜಾಗ ಸಿಕ್ಕಿತು. ಚಿಕ್ಕಪ್ಪ ಮೊರಪ್ಪೂರಿಗೆ ಒಬ್ಬನೇ ಹೋಗಲಿಲ್ಲ.

ಮೊನ್ನೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅದೇ ಚಾಕುವಿನಲ್ಲಿ ನಿಂಬೆಹಣ್ಣು ಕೊಯ್ದು ಶರಬತ್ತು ಮಾಡಿಕೊಟ್ಟಳು. ಕುಲುಮೆ ಕಂಡಾಗಿನಿಂದ ಹರಿತ ನಿಲ್ಲುವುದಿಲ್ಲವಂತೆ. ಬುಡದಲ್ಲಿ ಒಂದಿಷ್ಟು ನೀಲಿ ಉಳಿದಿದೆ, ಮಿಕ್ಕಿದ್ದೆಲ್ಲ ಹೊಳೆಯುತ್ತಲೇ ಇದೆ.

ಬೆರಳಿಗೆ ಅಂಟಿದ ಮಸಿಯನ್ನು ನೋಡಿಯೂ "ಇಳೀತು" ಅನ್ನುವ ಒಬ್ಬರು... ನಿಮ್ಮ ಮನೆಯಲ್ಲೂ ಇದ್ದರಾ?