ವರ್ಗೀಸನ ಹೆಸರಿನ ಬಾಟಲಿ

ಶಕುನ, ಸೂಚನೆ, ಕನಸಿನಲ್ಲಿ ಬಂದು ಹೇಳಿದರು ಎಂಬ ಮಾತುಗಳು ಶುರುವಾದರೆ ನಾನು ಎದ್ದು ಹೋಗುತ್ತಿದ್ದವಳು. ಕಾಸರಗೋಡಿನ ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ ಅಮ್ಮ ಹೊರಟವರನ್ನು ಕೂರಿಸಿ ನೀರು ಕುಡಿಸುತ್ತಿದ್ದರು. ನಾನು ಮಾತ್ರ ಬೇಕೆಂದೇ ಆಗಲೇ ಹೊರಡುತ್ತಿದ್ದೆ. ಈಗ ಹೇಳುವುದು ನನ್ನ ಕೈಯಲ್ಲೇ, ಹಾಡುಹಗಲಲ್ಲೇ ನಡೆದದ್ದು. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕೊಚ್ಚಿಯ ಕಳಮಶ್ಶೇರಿಯಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದೆ. ದೊಡ್ಡ ಹೋಟೆಲುಗಳ ತಾರಸಿಯ ಮೇಲೆ ಏಸಿಯ ನೀರು ತಣಿಸುವ ಟವರುಗಳಿರುತ್ತವಲ್ಲ, ಅವುಗಳಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದುಂಟು. ಆ ನೀರಿನ ತುಂತುರು ಉಸಿರಿನೊಡನೆ ಒಳಗೆ ಹೋದರೆ ನ್ಯುಮೋನಿಯಾ. ಅದಕ್ಕೆ ನ್ಯುಮೋನಿಯಾದ ಮಾಮೂಲಿ ಔಷಧಿಗಳು ನಾಟುವುದಿಲ್ಲ, ಬೇರೆಯೇ ಕೊಡಬೇಕು. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಲು ವಾರ ಕಳೆಯುತ್ತದೆ. ಆದ್ದರಿಂದ ನಾವು ಅದರ ಡಿಎನ್‌ಎಯನ್ನು ಯಂತ್ರದಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸಿ, ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ವಿದ್ಯುತ್ತಿನಿಂದ ಓಡಿಸಿ, ನೇರಳಾತೀತ ಬೆಳಕಿನಲ್ಲಿ ನೋಡುತ್ತಿದ್ದೆವು. ಇದ್ದರೆ ಒಂದು ಹೊಳೆಯುವ ಗೆರೆ, ಇಲ್ಲದಿದ್ದರೆ ಕತ್ತಲೆ.

ನೀರು ತರಲು ಹೋಗುವವನು ಖಾಲಿ ಬಾಟಲಿಗಳ ಜೊತೆಗೆ ಶುದ್ಧ ನೀರು ತುಂಬಿ ಸೀಲು ಮಾಡಿದ ಒಂದು ಬಾಟಲಿಯನ್ನೂ ಒಯ್ಯಬೇಕು. ಅದು ಹೋದಂತೆಯೇ ವಾಪಸು ಬರಬೇಕು, ಪರೀಕ್ಷೆಯಲ್ಲಿ ಅದರ ಜಾಗ ಕತ್ತಲೆಯಾಗಿಯೇ ಇರಬೇಕು. ಗೆರೆ ಬಂದರೆ ಯಾರದೋ ಕೈ ಕೊಳಕಾಗಿದೆ ಎಂದರ್ಥ. ಯಾರನ್ನು ಬೈಯಬೇಕೆಂದು ತಿಳಿಯಲಿ ಅಂತ ನಾನೊಂದು ಪದ್ಧತಿ ಮಾಡಿದ್ದೆ: ಆ ಬಾಟಲಿಯ ಮೇಲೆ ಒಯ್ದವರ ಹೆಸರನ್ನೇ ಬರೆಯುವುದು.

ಆ ಸೋಮವಾರ ತಿರುವನಂತಪುರಕ್ಕೆ ಹೋದವನು ವರ್ಗೀಸ. ನಲವತ್ತರ ಆಸುಪಾಸು, ಕಲೂರಿನಲ್ಲಿ ಮನೆ, ಇಬ್ಬರು ಹೆಣ್ಣುಮಕ್ಕಳು, ಕೆಲಸದಲ್ಲಿ ಶಿಸ್ತಿನವನು. ವಿಳಿಂಜಂ ಕಡೆಯ ಒಂದು ಹೋಟೆಲಿನ ತಾರಸಿ ಹತ್ತಿ ಐದು ಬಾಟಲಿ ನೀರು ತುಂಬಿಸಿಕೊಂಡು ಸಂಜೆಯ ರೈಲಿಗೆ ವಾಪಸು ಬಂದ. ಮಂಗಳವಾರ ಪರೀಕ್ಷೆ ಮಾಡಿದೆ. ಹೋಟೆಲಿನ ಐದೂ ಕತ್ತಲೆ. ಸೀಲು ಒಡೆಯದ ವರ್ಗೀಸನ ಬಾಟಲಿಯಲ್ಲಿ ದಪ್ಪ ಗೆರೆ.

"ಕೈ ತೊಳೀದೆ ಮುಟ್ಟಿದಿರಾ?" ಎಂದು ಎಲ್ಲರೆದುರು ರೇಗಿದೆ. "ಇಲ್ಲ ಮೇಡಂ, ಐಸ್ ಪೆಟ್ಟಿಗೆಯಿಂದ ಅದನ್ನು ಹೊರಗೇ ತೆಗೆಯಲಿಲ್ಲ" ಎಂದ. ಮುಖ ಸಣ್ಣದಾಗಿತ್ತು. ಬುಧವಾರ ಅದೇ ಬಾಟಲಿಯಿಂದ ಮತ್ತೆ ಮಾಡಿದೆ, ಮತ್ತೆ ಗೆರೆ. ನನಗೆ ತಲೆ ಕೆಟ್ಟಿತು. ಪಕ್ಕದ ಮೇಜಿನ ಲೀಲಕ್ಕ ಕುಂಬಳೆಯವರು, ನನಗಿಂತ ಹಿರಿಯರು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದವರು.

"ಎಂತ ಮಾರಾಯ್ತಿ, ನೀರಿಗೆ ಓದ್ಲಿಕ್ಕೆ ಬರ್ತದಾ? ಬೇರೆ ಹೆಸರು ಬರ್ದು ನೋಡು. ನನ್ನದೂ ಬರಿ, ಹೆದರಿಕೆ ಇಲ್ಲ" ಎಂದು ನಕ್ಕರು.

ಸಿಟ್ಟಿನಲ್ಲಿ ಮರುದಿನ ಅದನ್ನೂ ಮಾಡಿದೆ. ಹೊಸ ನೀರಿನ ಬಾಟಲಿ ಒಡೆದು, ಹೊಸ ಕೈಗವಸು ಹಾಕಿ, ಅದೊಂದೇ ನೀರನ್ನು ಮೂರು ಪುಟ್ಟ ಟ್ಯೂಬುಗಳಿಗೆ ಹಾಕಿದೆ. ಒಂದಕ್ಕೆ ಲೀಲಕ್ಕನ ಹೆಸರು, ಒಂದಕ್ಕೆ ನನ್ನದು, ಒಂದಕ್ಕೆ ವರ್ಗೀಸನದು. ಮಧ್ಯಾಹ್ನ ಊಟ ಮುಗಿಸಿ ಬಂದು ದೀಪ ಹಾಕಿ ನೋಡಿದೆವು. ನಮ್ಮಿಬ್ಬರ ಜಾಗ ಕತ್ತಲೆ. ಮೂರನೆಯದರಲ್ಲಿ ಗೆರೆ.

ಲೀಲಕ್ಕ ನಗಲಿಲ್ಲ. "ಆ ಹೆಸರು ಅಳಿಸಿಬಿಡು" ಎಂದಷ್ಟೇ ಹೇಳಿ ತಮ್ಮ ಮೇಜಿಗೆ ಹೋದರು. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೂ ದಾಖಲೆಯಲ್ಲಿ "ಟ್ಯೂಬು ಮಲಿನ, ಎಸೆಯಲಾಗಿದೆ" ಎಂದು ಬರೆದೆ. ಮಲಿನವಾದರೆ ಇಲ್ಲದ್ದು ಕಾಣಬಹುದೇ ಹೊರತು ಇದ್ದದ್ದು ಮಾಯವಾಗುವುದಿಲ್ಲ. ಹಾಗಾಗಿ ಹೋಟೆಲಿನ ನೀರು ಶುದ್ಧ ಎಂದು ವರದಿ ಕೊಡುವುದರಲ್ಲಿ ತಪ್ಪೇನೂ ಇರಲಿಲ್ಲ. ಕೊಟ್ಟೆ. ವರ್ಗೀಸನಿಗೆ ಮಾತ್ರ ಏನೂ ಹೇಳಲಿಲ್ಲ. ಏನಂತ ಹೇಳುವುದು?

ಮುಂದಿನ ಸೋಮವಾರ ಅವನು ಕೆಲಸಕ್ಕೆ ಬರಲಿಲ್ಲ. ಜ್ವರ ಎಂದರು. ಬುಧವಾರ ಆಸ್ಪತ್ರೆಗೆ ಸೇರಿಸಿದರು, ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ. ಅಲ್ಲಿಯ ಡಾಕ್ಟರು ಚುರುಕಿನ ಮನುಷ್ಯ, ಅಂದೇ ನನಗೆ ಫೋನ್ ಮಾಡಿದರು. "ಕಳೆದ ವಾರ ಟವರ್ ಹತ್ತಿದ್ದನಂತೆ. ಆ ನೀರಿನಲ್ಲಿ ಲೀಜನೆಲ್ಲಾ ಇತ್ತೆ?"

"ಇರಲಿಲ್ಲ ಡಾಕ್ಟರೇ. ಐದೂ ಶುದ್ಧ" ಎಂದೆ.

ಅದು ಸತ್ಯವೇ. ಆ ಸತ್ಯವನ್ನು ನಂಬಿ ಅವರು ಮಾಮೂಲಿ ಔಷಧಿಯನ್ನೇ ಮುಂದುವರಿಸಿದರು. ಫೋನ್ ಇಟ್ಟ ಮೇಲೆ ವರ್ಗೀಸನ ಹೆಸರಿನ ಬಾಟಲಿ ನೆನಪಾಯಿತು. ಹೇಳಬೇಕು ಅನ್ನಿಸಿತು. ಹೇಳಿದರೆ ಈ ಹೆಂಗಸಿಗೆ ತಲೆ ಸರಿಯಿಲ್ಲ ಎನ್ನುತ್ತಾರೆ, ಮುಂದೆ ನನ್ನ ಯಾವ ವರದಿಯನ್ನೂ ನಂಬುವುದಿಲ್ಲ ಅಂತಲೂ ಅನ್ನಿಸಿತು. ಗುರುವಾರವೂ ಸುಮ್ಮನಿದ್ದೆ. ಶುಕ್ರವಾರ ಬೆಳಿಗ್ಗೆ ಅವನ ಹೆಂಡತಿ ಜೆಸ್ಸಿಯ ಫೋನ್ ಬಂತು. ಅಳು, ಮಲಯಾಳ, ಇಂಗ್ಲಿಷ್ ಎಲ್ಲ ಕಲಸಿಹೋಗಿತ್ತು. ಉಸಿರಾಟಕ್ಕೆ ಯಂತ್ರ ಹಾಕಿದ್ದಾರೆ, ಮಕ್ಕಳನ್ನು ಕರೆತರಲು ಹೇಳಿದ್ದಾರೆ ಎಂಬಷ್ಟು ಅರ್ಥವಾಯಿತು.

ಕೂಡಲೇ ಡಾಕ್ಟರಿಗೆ ಫೋನ್ ಮಾಡಿದೆ. "ನಮ್ಮ ಒಂದು ಬಾಟಲಿಯಲ್ಲಿ ಕಂಡಿತ್ತು" ಎಂದೆ.

"ಯಾವ ಬಾಟಲಿ?"

"ಅವನು ಹೊತ್ತು ತಂದದ್ದು."

"ಮೊನ್ನೆಯೇ ಹೇಳಬಾರದಿತ್ತೆ?" ಎಂದು ಫೋನ್ ಇಟ್ಟರು. ಅರ್ಧ ಗಂಟೆಯಲ್ಲಿ ಔಷಧಿ ಬದಲಾಯಿತು. ವರ್ಗೀಸನ ಕಫವನ್ನು ನಮ್ಮಲ್ಲಿಗೇ ಕಳಿಸಿದರು. ಲೀಲಕ್ಕನ ಕೈಯಲ್ಲಿ ಪರೀಕ್ಷೆ ಮಾಡಿಸಿದೆ. ಟ್ಯೂಬಿಗೆ ಹೆಸರು ಬರೆಯಲಿಲ್ಲ, ಬರೀ ನಂಬರು. ಗೆರೆ ಬಂತು, ಅದೇ ಜಾಗದಲ್ಲಿ.

ಅದು ಅವನಿಗೆ ಎಲ್ಲಿಂದ ಅಂಟಿತೆಂದು ಪತ್ತೆಯಾಗಲಿಲ್ಲ. ಅವನ ಮನೆಯ ನೀರು, ನಮ್ಮ ಪ್ರಯೋಗಾಲಯದ ನೀರು, ಏಸಿ, ಮತ್ತೊಮ್ಮೆ ಆ ಹೋಟೆಲು, ಎಲ್ಲ ಪರೀಕ್ಷೆ ಮಾಡಿದೆವು, ಎಲ್ಲವೂ ಕತ್ತಲೆ. ಮೂರು ಟ್ಯೂಬುಗಳ ವಿಷಯವನ್ನು ಈ ವಿದ್ಯೆ ಬಲ್ಲವರೊಬ್ಬರ ಮುಂದೆ ಇಟ್ಟಾಗ ಕಾಕತಾಳೀಯ ಎಂದರು. ಇರಬಹುದು.

ಮೂರು ತಿಂಗಳ ನಂತರ ವರ್ಗೀಸ ಪ್ರಯೋಗಾಲಯಕ್ಕೆ ಬಂದ. ನಮ್ಮದು ಮೊದಲನೆಯ ಮಹಡಿ. ಕೆಳಗಿನಿಂದ ಅವನು ಹತ್ತುವುದು ಕೇಳಿಸುತ್ತಿತ್ತು: ನಾಲ್ಕು ಮೆಟ್ಟಿಲು, ನಿಂತು ಉಸಿರು, ಮತ್ತೆ ನಾಲ್ಕು. ಮೇಲೆ ಬಂದವನೇ ಕುರ್ಚಿ ಹಿಡಿದುಕೊಂಡು ನಕ್ಕ. "ನೀವು ಫೋನ್ ಮಾಡಿದ್ದನ್ನು ಡಾಕ್ಟರು ಹೇಳಿದರು. ಮೇಡಂ ಇಲ್ಲದಿದ್ದರೆ ನನ್ನ ಮಕ್ಕಳಿಗೆ ಅಪ್ಪ ಇರುತ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು ಮೇಡಂ?"

ಹೇಗೆ ಎಂಬುದಕ್ಕೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಯಾವತ್ತು ಗೊತ್ತಾಯಿತು ಎಂದು ಕೇಳಿದ್ದರೆ ಇತ್ತು. ಅವನು ಕೇಳಲಿಲ್ಲ.